ಆರು ಅಡಿ ಒಂದು ಇಂಚು

ಮಂಗಳವಾರ, ಒಂಬತ್ತನೇ ತಾರೀಖು, ಬೆಳಿಗ್ಗೆ 10.40ಕ್ಕೆ ಹೊಲಿಗೆ ಅಂಗಡಿಯಾಕೆ ಐದನೇ ಸಲ ಠಾಣೆಯ ಮೆಟ್ಟಿಲು ಹತ್ತಿದರು. ಹಿಂದಿನ ನಾಲ್ಕು ಸಲವೂ ಅವರ ಅರ್ಜಿಗೆ ಮೊಹರು ಒತ್ತಿ ಅವರನ್ನು ವಾಪಸು ಕಳಿಸಿದ್ದು ಒಬ್ಬನೇ ಹೆಡ್ ಕಾನ್‌ಸ್ಟೆಬಲ್. ಯಾವ ಕಾಗದ ಬಂದರೂ ಓದುವ ಮೊದಲೇ ಮೊಹರು ಒತ್ತುವವನೆಂದು ಠಾಣೆಯಲ್ಲಿ ಆತನಿಗೆ ಮೊಹರಪ್ಪ ಎಂದೇ ಹೆಸರು.

ಈ ಸಲ ಆಕೆ ಮೊಹರಪ್ಪನ ಮೇಜನ್ನು ದಾಟಿ ನೇರವಾಗಿ ಒಳಗಿನ ಕೋಣೆಗೆ ಹೋದರು. ಅಲ್ಲಿದ್ದ ಇನ್‌ಸ್ಪೆಕ್ಟರ್ ವರ್ಗವಾಗಿ ಬಂದು ಮೂರು ವಾರವಷ್ಟೇ ಆಗಿತ್ತು.

"ನಾನು ಅಳೋಕೆ ಬಂದಿಲ್ಲ ಮೇಡಂ. ಅತ್ತಿದ್ದೆಲ್ಲ ಮೊದಲ್ನೇ ತಿಂಗಳಲ್ಲೇ ಮುಗೀತು. ಸೋಮವಾರ ತೀರ್ಪು. ಅದಕ್ಕೆ ಮುಂಚೆ ಈ ಚಕ್ರ ನೋಡಿ."

ಆಕೆಯ ತಮ್ಮ ಲಿಫ್ಟ್ ಮೆಕ್ಯಾನಿಕ್. ಏಳು ತಿಂಗಳಿಂದ ಜೈಲಿನಲ್ಲಿದ್ದ. ಔಷಧಿ ಅಂಗಡಿಯ ಹಿಂದಿನ ಓಣಿಯಲ್ಲಿ ರಾತ್ರಿ 8.14ಕ್ಕೆ ಯಾರೋ ಮಾಲೀಕನ ತಲೆಗೆ ಕಬ್ಬಿಣದ ಸರಳಿನಿಂದ ಹೊಡೆದಿದ್ದರು. ಮಾಲೀಕನ ಎಡಗಣ್ಣು ಹೋಯಿತು. ಹೊಡೆದವನು ಮುಖ ಮುಚ್ಚಿಕೊಂಡಿದ್ದ. ಕ್ಯಾಮೆರಾದ ವಿಡಿಯೋ ನೋಡಿ ಪ್ರಯೋಗಾಲಯ ಕೊಟ್ಟ ವರದಿಯಲ್ಲಿ ಖಚಿತವಾಗಿದ್ದ ಮಾತು ಒಂದೇ: ಆರೋಪಿಯ ಎತ್ತರ ಆರು ಅಡಿ ಒಂದು ಇಂಚು. ಆ ದಿನ ಅಂಗಡಿಯಿದ್ದ ಕಟ್ಟಡದಲ್ಲಿ ಅಷ್ಟು ಎತ್ತರದವನು ಮೆಕ್ಯಾನಿಕ್ ಒಬ್ಬನೇ. ಆ ಹೊತ್ತಿನಲ್ಲಿ ತಾನು ಅಲ್ಲಿಯ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ರಿಪೇರಿ ಮಾಡುತ್ತಿದ್ದೆ ಎಂದು ಅವನು ಹೇಳಿದ್ದ. ಗುಂಡಿಯೊಳಗೆ ಅವನ ಜೊತೆ ಯಾರೂ ಇರಲಿಲ್ಲ.

ಆಕೆ ಮೇಜಿನ ಮೇಲೆ ಪತ್ರಿಕೆಯ ತುಣುಕು ಇಟ್ಟರು. ವರದಿಯಲ್ಲಿದ್ದ ಚಿತ್ರವೇ ಅದರಲ್ಲಿ ಅಚ್ಚಾಗಿತ್ತು. ಹೊಡೆದವನ ಪಕ್ಕದಲ್ಲಿ ಗೋಡೆಗೆ ಒರಗಿಸಿದ ಒಂದು ಸೈಕಲ್. ಆಕೆ ಕೊರಳಿನಲ್ಲಿದ್ದ ಟೇಪು ತೆಗೆದು ಚಕ್ರದ ಮೇಲೆ ಹಿಡಿದರು. ಅಡ್ಡ ಮೂರೂವರೆ ಸೆಂಟಿಮೀಟರ್, ಮೇಲಿಂದ ಕೆಳಗೆ ನಾಲ್ಕು.

ಇದನ್ನು ತೋರಿಸಿಕೊಟ್ಟವರು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಗೊತ್ತಿಲ್ಲ ಎಂದರು ಆಕೆ. ಶನಿವಾರ ಗುರುತಿಲ್ಲದ ಹೆಂಗಸೊಬ್ಬಳು ಬಟ್ಟೆ ಸಣ್ಣ ಮಾಡಿಸಲು ಬಂದಿದ್ದಳಂತೆ. ಅಳತೆ ಕೊಡುತ್ತಾ ನಿಂತವಳು, ನಿಮ್ಮ ತಮ್ಮನ ಕೇಸಿನ ಫೋಟೋದಲ್ಲಿರುವ ಚಕ್ರ ಅಳೆಯಿರಿ ಎಂದಷ್ಟೇ ಹೇಳಿ, ಬಟ್ಟೆಯನ್ನೂ ಬಿಟ್ಟು ಹೊರಟುಹೋದಳಂತೆ.

ಇನ್‌ಸ್ಪೆಕ್ಟರ್ ಆ ಹಳೆಯ ನಾಲ್ಕು ಅರ್ಜಿಗಳನ್ನು ತರಿಸಿದರು. ನಾಲ್ಕಕ್ಕೂ ಮೊಹರಿತ್ತು, ಒಂದಕ್ಕೂ ಟಿಪ್ಪಣಿ ಇರಲಿಲ್ಲ. ಮೊಹರಪ್ಪ ನೆಲ ನೋಡಿದ. ಅವರು ಬೈಯಲಿಲ್ಲ. ನಾಳೆ ಬೆಳಿಗ್ಗೆ ಓಣಿಗೆ ಬರಬೇಕು, ಬರುವಾಗ ತನ್ನ ಸೇವಾ ಪುಸ್ತಕದಲ್ಲಿರುವ ಎತ್ತರ ಬರೆದುಕೊಂಡು ಬರಬೇಕು ಎಂದರು.

ಬುಧವಾರ 9.15. ಓಣಿಯಲ್ಲಿ ಅದೇ ಕ್ಯಾಮೆರಾ, ಅಂಗಡಿಯ ಮೇಜಿನ ಕೆಳಗೆ ಅದೇ ರೆಕಾರ್ಡರ್. ಬೀಗ ರಿಪೇರಿಯವನೂ ಅಂಗಡಿಯ ಕಾಂಪೌಂಡರೂ ಪಂಚರಾದರು. ರಾತ್ರಿಯೆಲ್ಲ ಇನ್‌ಸ್ಪೆಕ್ಟರಿಗೆ ಒಂದೇ ಅನುಮಾನ: ಸೈಕಲ್ ಓರೆಯಾಗಿ ನಿಂತಿದ್ದರೂ ಚಕ್ರ ಹೀಗೆ ಕಾಣಬಹುದಲ್ಲ? ಅದಕ್ಕೇ ಅಂಗಡಿಯ ಗುಂಡು ಗಡಿಯಾರವನ್ನು ಇಳಿಸಿ, ಕ್ಯಾಮೆರಾಕ್ಕೆ ನೇರ ಎದುರಾಗಿ ಹಿಡಿಸಿದರು. ಆಮೇಲೆ ಹೊಡೆದವನು ನಿಂತಿದ್ದ ಜಾಗದಲ್ಲಿ ಮೊಹರಪ್ಪನನ್ನು ನಿಲ್ಲಿಸಿದರು.

ರೆಕಾರ್ಡರ್ ಉಳಿಸಿದ ವಿಡಿಯೋವನ್ನು ಕಂಪ್ಯೂಟರಿನಲ್ಲಿ ಹಾಗೇ ತೆರೆದಾಗ ಗಡಿಯಾರ ಮೊಟ್ಟೆಯಾಗಿತ್ತು. ಅಡ್ಡಕ್ಕೆ ಏಳು ಪಾಲಿದ್ದರೆ ಉದ್ದಕ್ಕೆ ಎಂಟು. ಆ ರೆಕಾರ್ಡರ್ ಜಾಗ ಉಳಿಸಲು ಚಿತ್ರವನ್ನು ಅಡ್ಡಕ್ಕೆ ಒತ್ತಿ ಇಡುತ್ತಿತ್ತು. ಅಳೆಯುವವನು ಮೊದಲು ಅದನ್ನು ಬಿಡಿಸಿ ಸರಿಮಾಡಿಕೊಳ್ಳಬೇಕು. ವರದಿ ಬರೆದವನು ಮಾಡಿಕೊಂಡಿರಲಿಲ್ಲ. ಅಂಗಡಿಯ ಹಿಂಬಾಗಿಲಿನ ಮೂರಡಿ ಅಗಲವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಮನುಷ್ಯನ ಎತ್ತರ ಅಳೆದಿದ್ದ. ಅದೇ ಲೆಕ್ಕದಲ್ಲಿ ಅಳೆದರೆ ಐದು ಅಡಿ ಆರು ಇಂಚಿನ ಮೊಹರಪ್ಪ ಆರು ಅಡಿ ಮೂರು ಇಂಚು ಬಂದ.

"ಕೆಲಸಕ್ಕೆ ಸೇರೋವಾಗ ಎತ್ತರ ಸಾಲದು ಅಂತ ಎರಡು ಸಲ ವಾಪಸ್ ಕಳಿಸಿದ್ರು ಮೇಡಂ," ಎಂದ ಮೊಹರಪ್ಪ. "ಈ ಕ್ಯಾಮೆರಾ ಇದ್ದಿದ್ರೆ ಮೊದಲ್ನೇ ಸಲವೇ ತಗೋತಿದ್ರು."

ಬೀಗ ರಿಪೇರಿಯವನು ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ಹಾಗಾದರೆ ಹೊಡೆದವನ ನಿಜವಾದ ಎತ್ತರ ಎಷ್ಟು ಎಂದು ಲೆಕ್ಕ ಹಾಕಲು ಹೇಳಿದರು. ಮೊಹರಪ್ಪ ಪಂಚನಾಮೆಯ ಹಿಂಬದಿಯಲ್ಲೇ ಗುಣಿಸಿ ಭಾಗಿಸಿದ. ಐದು ಅಡಿ ನಾಲ್ಕು ಇಂಚು. ಆತ ಎರಡನೇ ಸಲ ಲೆಕ್ಕ ಮಾಡಿದ, ಮೂರನೇ ಸಲವೂ ಮಾಡಿದ. ಆಮೇಲೆ ಪೆನ್ನು ಮುಚ್ಚಿದ. ಹೊಲಿಗೆ ಅಂಗಡಿಯಾಕೆಯನ್ನು ನಾಲ್ಕು ಸಲ ಬಾಗಿಲಿನಿಂದಲೇ ಕಳಿಸಿದ್ದು ತಾನೇ ಎಂಬುದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ.

ತಪ್ಪು ಅಳತೆ ಅಪರಾಧವಲ್ಲ, ಯಾರಿಗಾದರೂ ಆಗಬಹುದು ಎಂದು ಇನ್‌ಸ್ಪೆಕ್ಟರ್ ತಮಗೆ ತಾವೇ ಹೇಳಿಕೊಂಡರು. ಆದರೆ ವರದಿಯ ಮೊದಲ ಪುಟ ಅವರನ್ನು ಬಿಡಲಿಲ್ಲ. ಸಹಿ ಹಾಕಿದ ಹಿರಿಯ ವಿಶ್ಲೇಷಕ, ಚಿತ್ರ ಮತ್ತು ವಿಡಿಯೋ ಸಾಕ್ಷ್ಯದ ಆನ್‌ಲೈನ್ ತರಬೇತಿಯನ್ನು ನೂರಕ್ಕೆ ತೊಂಬತ್ತಾರು ಅಂಕ ಪಡೆದು ಮುಗಿಸಿದ್ದೇನೆ ಎಂದು ಅಲ್ಲಿ ಬರೆದಿದ್ದ. ತರಬೇತಿ ಸಂಸ್ಥೆಯಿಂದ ತರಿಸಿಕೊಂಡ ಪಾಠಪಟ್ಟಿಯಲ್ಲಿ ನಾಲ್ಕನೇ ಪಾಠವೇ ಇದು: ಅಳೆಯುವ ಮೊದಲು ಚಿತ್ರದಲ್ಲಿ ಗುಂಡಗಿರುವ ವಸ್ತುವೊಂದನ್ನು ಹುಡುಕಿ, ಅದು ಗುಂಡಗಿದೆಯೇ ನೋಡಿ. ತೊಂಬತ್ತಾರು ಅಂಕದವನು ನಾಲ್ಕನೇ ಪಾಠ ಮರೆಯುತ್ತಾನೆಯೇ? ಅವರು ಅವನ ಹಾಜರಾತಿಯ ದಾಖಲೆ ಕೇಳಿ ಪತ್ರ ಬರೆದರು.

ಗುರುವಾರ 11.05ಕ್ಕೆ ಉತ್ತರ ಬಂತು. ಪಾಠ ನಡೆಯುವಾಗ ಹತ್ತು ನಿಮಿಷಕ್ಕೊಮ್ಮೆ ಕಂಪ್ಯೂಟರ್ ತಾನಾಗಿ ತೆಗೆದ ಅರವತ್ತಕ್ಕೂ ಹೆಚ್ಚು ಫೋಟೋಗಳು. ಆರಂಭದ ಕೆಲವನ್ನು ಬಿಟ್ಟರೆ ಉಳಿದವುಗಳಲ್ಲಿ ಇದ್ದದ್ದು ನಲವತ್ತರ ಆಸುಪಾಸಿನ ಹೆಂಗಸು. ಒಂದರಲ್ಲಿ ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂದಲು ಕಟ್ಟಿಕೊಳ್ಳುತ್ತಿದ್ದಾಳೆ. ಇನ್ನೊಂದರಲ್ಲಿ ಬರೆಯುತ್ತಲೇ ಕೈಚಾಚಿ ಒಲೆ ಆರಿಸುತ್ತಿದ್ದಾಳೆ. ಸಂಸ್ಥೆಯ ದಾಖಲೆಯಲ್ಲಿ ಪ್ರತಿ ಫೋಟೋದ ಕೆಳಗೂ ಒಂದೇ ಮಾತು: ಮುಖ ಇದೆ, ಹಾಜರು. ಯಾರ ಮುಖವೆಂದು ಕಣ್ಣುಬಿಟ್ಟು ನೋಡಿದವರಿಲ್ಲ. ಮುಖ ನೋಡಿ ಸಾಕ್ಷ್ಯ ಹೇಳುವುದನ್ನು ಕಲಿಸುವ ಸಂಸ್ಥೆ ಅದು. ಇನ್‌ಸ್ಪೆಕ್ಟರ್ ಕಡತವನ್ನು ಮೇಜಿನ ಮೇಲೆ ಕುಕ್ಕಿದರು. ಹೊರಗಿದ್ದವರು ತಿರುಗಿ ನೋಡಿದರು.

ಹೊಲಿಗೆ ಅಂಗಡಿಯಾಕೆಗೆ ಫೋಟೋ ತೋರಿಸಿದಾಗ ಹೆಚ್ಚು ಹೊತ್ತು ಬೇಕಾಗಲಿಲ್ಲ. ಶನಿವಾರ ಬಂದವಳು ಇವಳೇ ಎಂದರು. ಸಂಜೆ 4ಕ್ಕೆ ಇನ್‌ಸ್ಪೆಕ್ಟರ್ ವಿಶ್ಲೇಷಕನ ಮನೆ ಬಾಗಿಲು ತಟ್ಟಿದರು. ಬಾಗಿಲು ತೆರೆದದ್ದು ಫೋಟೋದಲ್ಲಿದ್ದ ಹೆಂಗಸೇ, ಅವನ ಹೆಂಡತಿ.

ಅವಳು ಏನನ್ನೂ ಮುಚ್ಚಿಡಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದು ಕೊಟ್ಟಳು. ಪ್ರತಿ ಪಾಠಕ್ಕೂ ತನ್ನ ಕೈಬರಹದಲ್ಲಿ ಟಿಪ್ಪಣಿ, ಚಿತ್ರ, ಲೆಕ್ಕ. ಗಂಡ ಕೂರಲು ಹೇಳಿದ್ದ, ಕೂತಿದ್ದಳು. ಮೊದಮೊದಲು ಬೇಸರ, ಆಮೇಲೆ ಪಾಠದ ಹೊತ್ತಿಗಾಗಿ ಕಾಯುವಷ್ಟು ಇಷ್ಟವಾಗಿತ್ತು. ಆ ಹಲ್ಲೆಯ ವರದಿ ಟೈಪ್ ಮಾಡಲು ಗಂಡ ಲ್ಯಾಪ್‌ಟಾಪ್ ಮನೆಗೆ ತಂದ ದಿನ ಚಕ್ರ ಅವಳ ಕಣ್ಣಿಗೆ ಬಿತ್ತು.

"ವರದಿ ಕಳಿಸೋಕೆ ಮುಂಚೆಯೇ ಹೇಳಿದ್ರಾ?"

"ಎರಡು ದಿನ ಮುಂಚೆ. ರೀ, ಈ ಚಿತ್ರ ಅಡ್ಡಕ್ಕೆ ಒತ್ತಿಹೋಗಿದೆ ಕಣ್ರೀ ಅಂದೆ. ನಿನ್ನ ಪಾಠ ಅಡುಗೆಮನೇಲೇ ಇಟ್ಕೋ ಅಂದ್ರು."

"ಅದಕ್ಕೇನು ಸಾಕ್ಷಿ?"

ಅವಳು ಫೋನ್ ಮುಂದೆ ಹಿಡಿದಳು. ಮರುದಿನ ಅವಳೇ ಗಂಡನಿಗೆ ಕಳಿಸಿದ ಸಂದೇಶ: ಪೂರ್ತಿ ಲೆಕ್ಕ, ಕೊನೆಯಲ್ಲಿ 'ಎತ್ತರ 5 ಅಡಿ 4 ಇಂಚು, ದಯವಿಟ್ಟು ತಿದ್ದಿ'. ಅದರ ಕೆಳಗೆ ಆರು ನಿಮಿಷದ ನಂತರದ ಉತ್ತರ: 'ಬಾಯಿ ಮುಚ್ಚಿಕೊಂಡಿರು'.

ಏಳು ತಿಂಗಳು ಯಾಕೆ ಬಾಯಿ ಮುಚ್ಚಿಕೊಂಡಿದ್ದಿರಿ ಎಂದು ಇನ್‌ಸ್ಪೆಕ್ಟರ್ ಗಟ್ಟಿಯಾಗಿಯೇ ಕೇಳಿದರು. ಅವಳು ಫೋನನ್ನು ನೋಟ್‌ಬುಕ್ಕಿನ ಮೇಲಿಟ್ಟು ಎರಡನ್ನೂ ಅವರ ಕಡೆ ತಳ್ಳಿದಳು. ಗಂಡನ ಬದಲು ಪರೀಕ್ಷೆಗೆ ಕೂತದ್ದೂ ಅಪರಾಧ, ಎಫ್‌ಐಆರ್‌ನಲ್ಲಿ ನಿಮ್ಮ ಹೆಸರೂ ಬರುತ್ತದೆ ಎಂದು ಇನ್‌ಸ್ಪೆಕ್ಟರ್ ತಿಳಿಸಿದರು.

"ಬರಲಿ ಬಿಡಿ ಮೇಡಂ," ಎಂದಳು. "ಸರ್ಟಿಫಿಕೇಟಲ್ಲಂತೂ ಬರಲಿಲ್ಲ."

ಗುರುವಾರ ಸಂಜೆ 6.30ಕ್ಕೆ ವಂಚನೆ, ಖೊಟ್ಟಿ ದಾಖಲೆ ಮತ್ತು ಸುಳ್ಳೆಂದು ಗೊತ್ತಿದ್ದೂ ಸಾಕ್ಷ್ಯ ಒದಗಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಬರೆದದ್ದು ಮೊಹರಪ್ಪ. ಬರೆದು ಎರಡು ಸಲ ಓದಿದ ಮೇಲೆಯೇ ಇನ್‌ಸ್ಪೆಕ್ಟರ್ ಮುಂದೆ ಇಟ್ಟ.

ಶುಕ್ರವಾರ 3.20ಕ್ಕೆ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ ಬಂಧನವಾಯಿತು. ವಿಶ್ಲೇಷಕ ಇನ್ನೊಂದು ವರದಿಗೆ ಸಹಿ ಹಾಕುತ್ತಿದ್ದ. ಅವನ ಹಿಂದಿನ ಗೋಡೆಯಲ್ಲಿ ಪ್ರಮಾಣಪತ್ರ ಚೌಕಟ್ಟಿನೊಳಗಿತ್ತು. ಮೊಹರಪ್ಪ ಅದನ್ನು ಇಳಿಸಿ ಮಹಜರಿನಲ್ಲಿ ಸೇರಿಸಿದ. ಇಡೀ ಮಹಡಿ ನೋಡುತ್ತಾ ನಿಂತಿತ್ತು.

"ಇಪ್ಪತ್ತಾರು ವರ್ಷ ಸರ್ವಿಸ್ ನಂದು," ಎಂದ ವಿಶ್ಲೇಷಕ. "ಹಿಂದಿನ ಮೆಟ್ಟಿಲಿಂದ ಕರ್ಕೊಂಡು ಹೋಗಿ."

"ಆ ಹುಡುಗನ್ನ ಕೆಲಸದ ಜಾಗದಿಂದ ಕೈಗೆ ಬೇಡಿ ಹಾಕಿ ಎಳ್ಕೊಂಡು ಹೋಗಿದ್ರು. ಮುಂದಿನ ಮೆಟ್ಟಿಲಿಂದಾನೇ. ನಡೀರಿ," ಎಂದರು ಇನ್‌ಸ್ಪೆಕ್ಟರ್.

ಸೋಮವಾರ ನ್ಯಾಯಾಲಯದಲ್ಲಿ ತೀರ್ಪು ಓದಲಿಲ್ಲ. ಸರ್ಕಾರಿ ವಕೀಲರು ಹೊಸ ಪಂಚನಾಮೆಯನ್ನೂ ಸಂದೇಶದ ಪ್ರತಿಯನ್ನೂ ಮುಂದಿಟ್ಟರು. ನ್ಯಾಯಾಧೀಶರು ಮೆಕ್ಯಾನಿಕ್‌ನನ್ನು ಅವತ್ತೇ ಬಿಡಬೇಕೆಂದೂ, ಐದು ಅಡಿ ನಾಲ್ಕು ಇಂಚಿನವನನ್ನು ಹುಡುಕಬೇಕೆಂದೂ ಆದೇಶಿಸಿದರು. ಅಕ್ಕ ಜೈಲಿನ ಬಾಗಿಲಿಗೆ ಹೊಸ ಅಂಗಿ ತಂದಿದ್ದರು. ತಮ್ಮ ಅದನ್ನು ಹಾಕಿಕೊಂಡಾಗ ಹೆಗಲು ಜಾರಿ ತೋಳಿಗೆ ಬಂತು. ಏಳು ತಿಂಗಳ ಹಿಂದಿನ ಅಳತೆಗೆ ಹೊಲಿದಿದ್ದ ಅಂಗಿ ಅದು. ಆಕೆ ಅಲ್ಲೇ ರಸ್ತೆಯಲ್ಲಿ ಪಿನ್ನು ಚುಚ್ಚುತ್ತಾ, ಜೊತೆಗೆ ಬಂದಿದ್ದ ಮೊಹರಪ್ಪನ ಮುಖ ನೋಡದೆ ಬೈದರು. ಆತ ಪಿನ್ನಿನ ಡಬ್ಬಿ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

ಅದೇ ಸಂಜೆ ಠಾಣೆಯಲ್ಲಿ ವಿಶ್ಲೇಷಕ ಬಾಯಿಬಿಟ್ಟ. ಫಿಲ್ಮ್ ಕಾಲದಿಂದಲೂ ಇಲಾಖೆಯ ಫೋಟೋಗ್ರಾಫರ್ ಅವನು. ತರಬೇತಿಯ ಮೊದಲ ದಿನ ತಾನೇ ಕೂತಿದ್ದ. ಪಾಠ ಮುಗಿದ ಮೇಲೆ ಕಿರುಪರೀಕ್ಷೆ. ಎಲ್ಲರ ಅಂಕವೂ ಎಲ್ಲರ ಪರದೆಯಲ್ಲೂ ಒಟ್ಟಿಗೆ ಬಂತು. ಪಟ್ಟಿಯ ಕೊನೆಯ ಹೆಸರು ಅವನದು. ಮೇಲಿದ್ದವರಲ್ಲಿ ಮೂವರಿಗೆ ಕ್ಯಾಮೆರಾ ಹಿಡಿಯಲು ಕಲಿಸಿದ್ದು ಅವನೇ. ಮರುದಿನ ಹೆಂಡತಿಯನ್ನು ಕೂರಿಸಿದ. ವರದಿ ತಿದ್ದಿದರೆ ಮೊದಲು ಯಾಕೆ ತಪ್ಪಿತು ಎಂದು ಕೇಳುತ್ತಾರೆ, ಕೇಳಿದರೆ ಎಲ್ಲವೂ ಹೊರಗೆ ಬರುತ್ತದೆ ಎಂದು ಹಾಗೇ ಬಿಟ್ಟ.

ಹೇಳಿಕೆಗೆ ಸಹಿ ಮಾಡುವ ಮೊದಲು ಅವನು ಒಂದೇ ಒಂದು ಕೋರಿಕೆ ಇಟ್ಟ. ಜೈಲಿನಿಂದ ಹೊರಬಂದವನ ಬಗ್ಗೆ ಅಲ್ಲ, ಹೆಂಡತಿಯ ಬಗ್ಗೆಯೂ ಅಲ್ಲ.

"ಆ ಮೊದಲ್ನೇ ದಿನದ ಅಂಕ ಮಾತ್ರ ಬರೀಬೇಡಿ ಮೇಡಂ."

ಇನ್‌ಸ್ಪೆಕ್ಟರ್ ನಿಯಮದಂತೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು: ಇಪ್ಪತ್ತಕ್ಕೆ 4, ನಾಲ್ಕು ಮಾತ್ರ.