ಗಾಜಿನೊಳಗಿನ ಬಿಸಿಲು

"ದಿನಾ ನನ್ನ ನೋಡಿ ಯಾಕೆ ನಗ್ತೀಯ?"

ಬೈಕ್ ಆಫ್ ಮಾಡದೆಯೇ ಕೇಳಿದೆ. ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಮೂರು ವಾರದಿಂದ ತಡೆದುಕೊಂಡಿದ್ದೆ. ಬೆಳಗ್ಗೆ ಏಳೂವರೆಗೆ ನಾನು ಆ ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ರಸ್ತೆ ಪಕ್ಕದ ಗಾಜಿನ ಗೂಡಂಗಡಿಯಲ್ಲಿ ಕೂತು ಅಡಿಕೆ ಕಟ್ಟುವ ಆ ಹುಡುಗಿಯ ತುಟಿಯ ಎಡತುದಿ ಮೇಲೇಳುತ್ತಿತ್ತು. ನನ್ನ ಎಣ್ಣೆ ಮೆತ್ತಿದ ಷರಟು ನೋಡಿ ನಗುತ್ತಾಳೆ ಅಂದುಕೊಂಡಿದ್ದೆ. ಹಾಗೆ ನಕ್ಕ ಮೇಷ್ಟ್ರೊಬ್ಬರ ಮೂಗಿಗೆ ಗುದ್ದಿಯೇ ಹದಿನೈದನೇ ವಯಸ್ಸಿಗೆ ನಾನು ಸ್ಕೂಲು ಬಿಟ್ಟವನು.

ಅವಳು ಕಿಟಕಿಯ ಗಾಜನ್ನು ಒಂದು ಗೇಣು ಸರಿಸಿದಳು.

"ಏನ್ ಬೇಕು? ಅಡಿಕೆನಾ, ಸಿಗರೇಟಾ?"

"ಉತ್ತರ ಬೇಕು."

"ಅದು ಸ್ಟಾಕಿಲ್ಲ. ಮುಂದಿನ ಅಂಗಡೀಲಿ ಕೇಳು."

ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅವಳು ಸುಣ್ಣ ಮೆತ್ತಿದ ಹೆಬ್ಬೆರಳಿನಿಂದ ಪಕ್ಕಕ್ಕೆ ತೋರಿಸಿದಳು. ಗಾಜಿಗೆ ಒತ್ತಿಕೊಂಡಂತೆ ಒಂದು ಕೊಂಬೆ, ಕೊಂಬೆಯ ಮೇಲೊಂದು ಊಸರವಳ್ಳಿ. ಮಸಿಯಷ್ಟು ಕಪ್ಪು.

"ನಿನ್ನ ನೋಡಿ ಯಾರು ನಕ್ಕರು? ನಿನ್ನ ಬೈಕ್ ಬಂದ್ರೆ ಗಾಜೆಲ್ಲ ನಡುಗುತ್ತೆ, ಇವಳು ಹೆದರಿ ಹಿಂಗೆ ಕಪ್ಪಾಗ್ತಾಳೆ. ಬೆಳಗ್ಗೆಯಿಂದ ಹಸಿರಾಗಿ ಚೆನ್ನಾಗೇ ಇದ್ದಳು. ಇವಳ ಹೆಸರು ದೊಣ್ಣೆಮೆಣಸಿನಕಾಯಿ. ಮನೆಯವರು ದೊಣ್ಣಿ ಅಂತಾರೆ."

"ಮನೆಯವರು ಯಾರು?"

"ಇವಳಿಗೆ ನಾನೊಬ್ಬಳೇ."

ದೊಣ್ಣಿಯ ತಲೆಯ ಮೇಲೆ ಟೋಪಿ ಇಟ್ಟಂತೆ ಎತ್ತರದ ಗಟ್ಟಿ ಉಬ್ಬಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ನೀವಿಬ್ಬರೂ ಹೆಲ್ಮೆಟ್ ತೆಗೆಯೋದೇ ಇಲ್ಲ ಅಲ್ವಾ?"

ಈ ಸಲ ನಕ್ಕಿದ್ದು ನನ್ನನ್ನು ನೋಡಿಯೇ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದಕ್ಕೇ ಸಿಟ್ಟು ಬಂತು.

ಮಾರನೆಯ ದಿನ ಬೈಕಿಗೆ ಹಳೆಯ ಸೈಲೆನ್ಸರ್ ಹಾಕಿಸಿದೆ. ಸಿಗ್ನಲ್ಲಿನಲ್ಲಿ ಸದ್ದಿಲ್ಲದೆ ನಿಂತೆ. ದೊಣ್ಣಿ ಹಸಿರಾಗಿಯೇ ಇತ್ತು. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಅವಳ ಕಡೆ. ಅವಳು ತಲೆಯೆತ್ತದೆ ಬಿಳಿ ಹೆಬ್ಬೆರಳೊಂದನ್ನು ಮೇಲಕ್ಕೆತ್ತಿದಳು.

*

ಅವಳ ಹೆಸರು ಪೇಯ್-ಶಾನ್. ನನಗೆ ಅವಳಿಟ್ಟ ಹೆಸರು ಸಿಟ್ಟಪ್ಪ.

ತೈವಾನಿನ ನಮ್ಮ ಗಾಂಗ್‌ಶಾನ್‌ನಲ್ಲಿ ಕಲ್ಲೆಸೆದರೆ ಸ್ಕ್ರೂ ಕಾರ್ಖಾನೆಗೆ ಬೀಳುತ್ತದೆ. ನಾನು ಅಂಥದೊಂದರಲ್ಲಿ ಸ್ಕ್ರೂ ಮೈಗೆ ಸುರುಳಿ ಗೆರೆ ಹಾಕುವ ಮೆಷಿನ್ನಿನ ಮುಂದೆ ಆರು ವರ್ಷದಿಂದ ನಿಂತಿದ್ದೇನೆ. ಪಕ್ಕದ ಮೆಷಿನ್ನಿನಲ್ಲಿ ಅಪ್ಪ. ಇಪ್ಪತ್ತು ವರ್ಷ ಅಡಿಕೆ ಜಗಿದು ಅಪ್ಪನ ಬಾಯಿ ಈಗ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಅದಕ್ಕೇ ನಾನು ಅಡಿಕೆ ಮುಟ್ಟುವುದಿಲ್ಲ. ಅವಳ ಅಂಗಡಿಯಲ್ಲಿ ದಿನಾ ಒಂದು ಬಾಟಲಿ ತಣ್ಣನೆಯ ಟೀ ತೆಗೆದುಕೊಳ್ಳುತ್ತಿದ್ದೆ. ಕುಡಿಯುವುದಕ್ಕೆ ಒಂದೇ ನಿಮಿಷ ಸಾಕು. ನಾನು ಹತ್ತು ನಿಮಿಷ ಕುಡಿಯುತ್ತಿದ್ದೆ.

ಅವಳು ಬೆಳಗ್ಗೆ ಏಳರಿಂದ ಸಂಜೆ ಏಳರ ತನಕ ಆ ಗಾಜಿನೊಳಗೆ. ನಾಲ್ಕೂ ಕಡೆ ಗಾಜು, ಕೂರಲು ಒಂದು ಎತ್ತರದ ಸ್ಟೂಲು, ತಲೆಯ ಮೇಲೆ ಒಂದು ಕ್ಯಾಮೆರಾ. ಲಾರಿಯವರು ಹಾರ್ನ್ ಹೊಡೆದು, ಬೇಕೆಂದೇ ನಿಧಾನ ಮಾಡಿ, ನೋಡಿಕೊಂಡು ಹೋಗುತ್ತಿದ್ದರು. ಕ್ಯಾಮೆರಾದಲ್ಲಿ ನೋಡುತ್ತಿದ್ದವಳು ಅವಳ ಅತ್ತೆ, ಅಪ್ಪನ ಅಕ್ಕ ಚೂನ್-ಮೇಯ್. ಮಂಡಿ ಹೋಗಿತ್ತು, ಮನೆಯಲ್ಲೇ ಕೂತು ಫೋನಿನಲ್ಲಿ ಸೋದರಸೊಸೆಯನ್ನು ಕಾಯುತ್ತಿದ್ದಳು. ಬಿಟ್ಟುಹೋದ ಅಪ್ಪ ಅಮ್ಮನ ಬದಲಿಗೆ ಆರನೇ ವಯಸ್ಸಿನಿಂದ ಸಾಕಿದ್ದಳು. ಪೇಯ್-ಶಾನ್ ನೀರು ಕುಡಿಯಲು ಎದ್ದರೂ ಸ್ಪೀಕರಿನಿಂದ ದನಿ ಬರುತ್ತಿತ್ತು: "ಎಲ್ಲಿಗೆ?"

ದೊಣ್ಣಿಯನ್ನು ತಂದವಳೂ ಅತ್ತೆಯೇ. "ಬಣ್ಣ ಬದಲಿಸೋ ಪ್ರಾಣಿ. ಜನ ನಿಂತು ನೋಡ್ತಾರೆ. ನಿಂತೋರು ಏನಾದ್ರೂ ಕೊಂಡ್ಕೊಳ್ತಾರೆ."

"ಅಂದ್ರೆ ನಿಮ್ಮಿಬ್ಬರದೂ ಒಂದೇ ಕೆಲಸ" ಎಂದೆ ಒಂದು ದಿನ, ಸಿಟ್ಟಿನಲ್ಲಿ.

ಅವಳ ಚಾಕು ಒಂದು ಕ್ಷಣ ನಿಂತಿತು. "ಅವಳಿಗೆ ಕೊಂಬೆ ಇದೆ" ಎಂದಳು. ಮತ್ತೆ ಅಡಿಕೆ ಸೀಳತೊಡಗಿದಳು. ನನ್ನ ನಾಲಿಗೆ ಕತ್ತರಿಸಿಕೊಳ್ಳಬೇಕೆನಿಸಿತು.

*

ಅಕ್ಟೋಬರಿನಲ್ಲಿ ದೊಣ್ಣಿ ಊಟ ಬಿಟ್ಟಿತು. ಮಿಡತೆ ಹಿಡಿದರೆ ಮುಖ ತಿರುಗಿಸಿತು. ಹೊಟ್ಟೆ ಮಾತ್ರ ಊದುತ್ತಿತ್ತು. ಮೈಮೇಲೆಲ್ಲ ಹಳದಿ, ನೀಲಿ ಚುಕ್ಕೆ ಎದ್ದವು. ಕೊಂಬೆಯಿಂದಿಳಿದು ಮೂಲೆ ಮೂಲೆಯಲ್ಲಿ ಗಾಜು ಕೆರೆಯುತ್ತಿತ್ತು. ಕೆರೆಯುವುದು, ತಲೆಯೆತ್ತಿ ನೋಡುವುದು, ನಿಲ್ಲಿಸುವುದು. ಮೂರನೆಯ ದಿನ ಹಗಲಲ್ಲೇ ಕಣ್ಣು ಮುಚ್ಚಿಕೊಂಡಿತು. ಆ ಕಣ್ಣು ಒಳಕ್ಕೆ ಹೋಗಿತ್ತು.

"ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಗ್ತೀಯಾ?" ಪೇಯ್-ಶಾನ್ ಕೇಳಿದಳು. "ನಾನು ಎದ್ದರೆ..." ಎಂದು ಕಣ್ಣಿನಲ್ಲೇ ಕ್ಯಾಮೆರಾ ತೋರಿಸಿದಳು.

ಭಾನುವಾರ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಎದೆಗೆ ಕಟ್ಟಿಕೊಂಡು, ಮಹಾನಗರ ಕಾವ್‌ಸ್ಯೂಂಗ್‌ವರೆಗೆ ಮೂವತ್ತರ ಸ್ಪೀಡಿನಲ್ಲಿ ಬೈಕ್ ಓಡಿಸಿದೆ. ಜೀವನದಲ್ಲಿ ನಾನು ಅಷ್ಟು ನಿಧಾನ ಎಲ್ಲಿಗೂ ಹೋದವನಲ್ಲ.

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು ನನ್ನನ್ನು ಕಚ್ಚುವವರಂತೆ ನೋಡಿದರು. "ಹೊಟ್ಟೆ ತುಂಬ ಮೊಟ್ಟೆ. ಗಂಡು ಇಲ್ಲದಿದ್ರೂ ಇವು ಮೊಟ್ಟೆ ಇಡ್ತವೆ. ಮೂಳೆ ನೋಡಿ, ಗೆದ್ದಲು ತಿಂದಂಗಿದೆ. ಬಿಸಿಲಿಗೆ ಇಡಲ್ವೇನ್ರೀ?"

"ದಿನವಿಡೀ ಬಿಸಿಲಲ್ಲೇ ಇರುತ್ತೆ ಮೇಡಂ. ಗಾಜಿನಂಗಡಿ."

"ಗಾಜಿನೊಳಗಿಂದ ಬರೋ ಬಿಸಿಲು ಬಿಸಿಲೇ ಅಲ್ಲ. ಬರೀ ಕಾವು. ಮೂಳೆಗೆ ಬೇಕಾದ್ದನ್ನ ಗಾಜು ಹೊರಗೇ ನಿಲ್ಲಿಸಿಬಿಡುತ್ತೆ." ಕ್ಯಾಲ್ಸಿಯಂ ಚುಚ್ಚಿದರು. "ಒಂದು ಬಕೆಟ್ ಒದ್ದೆ ಮರಳು ಕೊಡಿ, ಮೊಳಕೈಯಷ್ಟು ಆಳ. ಇನ್ನೆಲ್ಲಿಗೂ ಸಾಗಿಸಬೇಡಿ. ಮುಖ್ಯ ಏನಂದ್ರೆ, ಯಾರೂ ನೋಡಬಾರದು. ಅಗೆಯೋವಾಗ ಒಂದು ಕಣ್ಣು ಕಂಡ್ರೂ ನಿಲ್ಲಿಸುತ್ತೆ. ಮೊಟ್ಟೆ ಒಳಗೇ ಹಿಡಿದಿಟ್ಟುಕೊಂಡು ಸಾಯುತ್ತೆ. ಇನ್ನು ಎರಡು ದಿನ, ಅಷ್ಟೇ. ಆಮೇಲೆ ಆಪರೇಷನ್. ಈ ನಿಶ್ಶಕ್ತೀಲಿ ಅದನ್ನ ತಡ್ಕೊಳ್ಳುತ್ತೆ ಅಂತ ನಾನು ಹೇಳಲ್ಲ."

ವಾಪಸು ಬಂದು ಡಾಕ್ಟರಮ್ಮನ ಮಾತೆಲ್ಲ ಅವಳಿಗೆ ಹೇಳಿದವನೇ ರಸ್ತೆಬದಿಯಿಂದ ಒಂದು ಕಲ್ಲೆತ್ತಿಕೊಂಡೆ.

"ಏಯ್ ಸಿಟ್ಟಪ್ಪ, ಏನು ಮಾಡ್ತೀಯ?"

"ಒಡೀತೀನಿ. ನಾಲ್ಕೂ ಗಾಜು."

"ಚೂರು ಯಾರ ಕಾಲಿಗೆ ಚುಚ್ಚುತ್ತೆ? ನಿನ್ನ ಕಾಲಿಗಾ? ನೀನು ಬೈಕ್ ಹತ್ತಿ ಹೋಗ್ತೀಯ." ನನ್ನ ಎದೆಯಿಂದ ಪೆಟ್ಟಿಗೆ ಬಿಚ್ಚಿಕೊಂಡಳು. "ಒಡೆಯೋದು ಆಮೇಲೆ. ಮೊದಲು ಮುಚ್ಚು."

*

ಸೋಮವಾರ ಬೆಳಕು ಹರಿಯುವ ಮೊದಲೇ ಕಾರ್ಖಾನೆಯ ಸ್ಕ್ರೂ ರಟ್ಟುಗಳನ್ನು ಹೊರೆ ಕಟ್ಟಿ ತಂದೆ. ತೊಳೆದ ಮರಳು ಒಂದು ಬಕೆಟ್. ಗಾಜಿಗೆ ಒಳಗಿನಿಂದ ರಟ್ಟು ಅಂಟಿಸಿದೆವು. ಮೇಲೆ ಒಂದು ಗೇಣು ಮಾತ್ರ ಬೆಳಕಿಗೆ ಬಿಟ್ಟೆವು. ಕೊನೆಗೆ ಪೇಯ್-ಶಾನ್ ಸ್ಟೂಲು ಹತ್ತಿ, ಒಂದು ವೀಳ್ಯದೆಲೆಗೆ ಸುಣ್ಣ ಬಳಿದು, ಕ್ಯಾಮೆರಾದ ಕಣ್ಣಿಗೆ ಅಂಟಿಸಿದಳು. ಇಳಿಯುವ ಮೊದಲು ಸ್ಪೀಕರಿನ ವೈರನ್ನೂ ಕಿತ್ತಳು.

ದೊಣ್ಣಿಯನ್ನು ಬಕೆಟ್ಟಿನಲ್ಲಿ ಬಿಟ್ಟ ಕೂಡಲೇ ಅದು ಮುಂಗಾಲಿನಿಂದ ಮರಳು ಕೆದಕಿತು.

"ತಿರುಗು" ಎಂದು ಪೇಯ್-ಶಾನ್ ಪಿಸುಗುಟ್ಟಿದಳು.

"ನಾನು ಕೆಲಸಕ್ಕೆ..."

"ಈಗ ಬಾಗಿಲು ತೆಗೆದ್ರೆ ಮುಗೀತು. ತಿರುಗಿ ಕೂತ್ಕೋ."

ಕೂತೆ. ರಟ್ಟಿನ ಕಡೆ ಮುಖ ಮಾಡಿ, ಮಂಡಿ ಗದ್ದಕ್ಕೆ ತಾಗಿಸಿಕೊಂಡು. ಅವಳು ನನಗೆ ಅಡ್ಡಲಾಗಿ, ಇನ್ನೊಂದು ರಟ್ಟಿನ ಕಡೆ. ಬಕೆಟ್ಟು ನಮ್ಮಿಬ್ಬರ ಬೆನ್ನ ಹಿಂದೆ. ಜಾಗ ಎಷ್ಟೆಂದರೆ ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು. ನಾನು ಉಸಿರಾಡಿದರೆ ಅವಳ ಭುಜ ಏಳುತ್ತಿತ್ತು. ಎಸಿ ಹಾಕುವಂತಿರಲಿಲ್ಲ, ಸದ್ದಾಗುತ್ತದೆ. ಎಂಟು ಗಂಟೆಗೆ ಕಾರ್ಖಾನೆಯ ಸೈರನ್ ಕೂಗಿತು. ಅಪ್ಪನ ಪಕ್ಕದ ಮೆಷಿನ್ ಖಾಲಿ ನಿಂತಿರುತ್ತದೆ. ನಿಲ್ಲಲಿ.

ಹಿಂದೆ ಸರ್ ಸರ್ ಎಂದು ಮರಳು ಸರಿಯುತ್ತಿತ್ತು.

ನಾನು ಸುಮ್ಮನೆ ಕೂತು ಗೊತ್ತಿಲ್ಲದವನು. ಹತ್ತು ಗಂಟೆಗೆ ಕಾಲು ಜೋಮು ಹಿಡಿಯಿತು. ಬೆವರು ಕಣ್ಣಿಗಿಳಿಯಿತು. ಕತ್ತು ತಿರುಗಿಸಿದರೆ ಒಂದು ಗೇಣು ದೂರದಲ್ಲಿ ಅವಳ ಮುಖ. ಗಾಜಿಲ್ಲದೆ. ನೋಡುವ ಹಾಗಿಲ್ಲ.

"ಇಲ್ಲಿಂದ ಹೋಗೋಣ್ವಾ?" ಎಂದೆ, ಉಸಿರಿನಲ್ಲೇ.

"ಎಲ್ಲಿಗೆ?"

"ಎಲ್ಲಾದ್ರೂ."

"ಎಲ್ಲಾದ್ರೂ ಅನ್ನೋ ಊರಿಗೆ ಬಸ್ಸಿಲ್ಲ ಸಿಟ್ಟಪ್ಪ."

ಕಣ್ಣಿನ ಬೆವರು ಒರೆಸಿಕೊಂಡೆ.

"ಒಂದು ಮಾತು ಹೇಳಬೇಕು" ಎಂದೆ.

"ಹೇಳು. ತಿರುಗಬೇಡ."

"ಮುಖ ನೋಡದೆ ಹೇಳೋಕೆ ಬರಲ್ಲ."

"ಎಲ್ಲರೂ ನನ್ನ ನೋಡ್ಕೊಂಡೇ ಮಾತಾಡ್ತಾರೆ" ಎಂದಳು. "ನೀನೊಬ್ಬನಾದ್ರೂ ನೋಡದೆ ಹೇಳು."

ಎದುರಿನ ರಟ್ಟಿನ ಮೇಲೆ ನಮ್ಮ ಕಾರ್ಖಾನೆಯ ಹೆಸರು, ಸ್ಕ್ರೂ ಅಳತೆ ಅಚ್ಚಾಗಿತ್ತು. ಅದಕ್ಕೇ ಹೇಳಿದೆ. "ನೀನು ನಗದಿದ್ದ ದಿನ ನನ್ನ ಮೆಷಿನ್ನಿಂದ ಬರೋದೆಲ್ಲ ಸೊಟ್ಟ ಸ್ಕ್ರೂ. ಅಪ್ಪನಿಗೂ ಗೊತ್ತಾಗಿದೆ. ನನಗೆ ನೀನು ಬೇಕು ಪೇಯ್-ಶಾನ್. ಟೀ ನನಗೆ ಇಷ್ಟಾನೇ ಇಲ್ಲ."

ಅವಳ ತಲೆ ಮೆಲ್ಲಗೆ ವಾಲಿ ನನ್ನ ತಲೆಯ ಹಿಂಭಾಗಕ್ಕೆ ತಾಗಿ ನಿಂತಿತು. ಬೆವರಿನ ಕೂದಲು, ವೀಳ್ಯದೆಲೆಯ ವಾಸನೆ.

ಆಗ ಬಾಗಿಲಿಗೆ ದಬದಬ ಬಡಿತ.

"ಪೇಯ್-ಶಾನ್! ಒಳಗಿದ್ದೀಯೇನೇ? ಏನಿದು ರಟ್ಟು? ಕ್ಯಾಮೆರಾಗೆ ಏನಾಯ್ತು?" ಅತ್ತೆ. ಮಂಡಿ ನೋವಿನವರ ಮೂರು ಗಾಲಿಯ ಗಾಡಿಯಲ್ಲಿ ಬಂದಿದ್ದಳು.

ಹಿಂದೆ ಮರಳಿನ ಸದ್ದು ನಿಂತುಹೋಯಿತು.

ನನ್ನ ಮುಷ್ಟಿ ತಾನಾಗಿ ಬಿಗಿಯಿತು. ಎದ್ದು ಬಾಗಿಲು ಒದ್ದು ಆ ಮುದುಕಿಯ ಮುಖಕ್ಕೆ ಕೂಗಬೇಕು. ಪೇಯ್-ಶಾನ್ ನನ್ನ ಮುಷ್ಟಿಯ ಮೇಲೆ ಕೈಯಿಟ್ಟಳು. ಇನ್ನೊಂದು ಕೈಯಲ್ಲಿ ಫೋನ್ ಮಾಡಿದಳು. ಬಾಗಿಲ ಆಚೆ ಅತ್ತೆಯ ಫೋನು ರಿಂಗಾಯಿತು.

"ಅತ್ತೆ" ಎಂದಳು, ಗಾಳಿಯಷ್ಟು ಸಣ್ಣ ದನಿಯಲ್ಲಿ. "ದೊಣ್ಣಿ ಮೊಟ್ಟೆ ಇಡ್ತಿದೆ. ಯಾರಾದ್ರೂ ನೋಡಿದ್ರೆ ಸತ್ತುಹೋಗುತ್ತೆ. ಬಡೀಬೇಡ."

"ಅಷ್ಟಕ್ಕೆ ನನ್ನ ಕ್ಯಾಮೆರಾನೂ ಮುಚ್ಚಬೇಕಾ? ನಾನೇನು ಪರಕೀಯಳಾ?"

ಪೇಯ್-ಶಾನಳ ಬೆರಳುಗಳು ನನ್ನ ಮುಷ್ಟಿಯ ಸಂದಿಗಳಲ್ಲಿ ಒಂದೊಂದಾಗಿ ಇಳಿದವು.

"ಅತ್ತೆ, ಇವತ್ತೊಂದು ದಿನ ನನ್ನ ನೋಡಬೇಡ."

ಲಾರಿಗಳು ಹೋದವು. ಆಮೇಲೆ ಗಾಡಿಯ ಮೋಟಾರು ಗುಂಯ್ ಎಂದಿತು. ಹೋದಳು ಅಂದುಕೊಂಡೆ. ಹೋಗಲಿಲ್ಲ. ಗಾಡಿ ಅಲ್ಲೇ ಒಂದು ಸುತ್ತು ತಿರುಗಿ, ಬಾಗಿಲಿಗೆ ಬೆನ್ನು ಮಾಡಿ ನಿಂತಿತು. ಯಾರೋ ಹಾರ್ನ್ ಹೊಡೆದರು.

"ಏನೋ ಪೀಂ ಪೀಂ?" ಅತ್ತೆ ರಸ್ತೆಗೆ ಕೂಗಿದಳು. "ಅಂಗಡಿ ಮುಚ್ಚಿರೋದು ಕಾಣಲ್ವಾ? ರಟ್ಟು ನೋಡಿದ್ದೇ ಇಲ್ವಾ ಜನ್ಮದಲ್ಲಿ? ನಡಿ, ನಡಿ!"

ಪೇಯ್-ಶಾನಳ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ, ತಿರುಗಿ ನೋಡದೆ ಹೇಗೆ ಗೊತ್ತಾಗಬೇಕು?

ಸರ್. ಮತ್ತೆ ಸರ್. ಮರಳು ಸರಿಯಿತು.

*

ಮಧ್ಯಾಹ್ನ ಮೂರಕ್ಕೆ ಉಗುರುಗಳು ಒಣಕೊಂಬೆ ಹತ್ತುವ ಸದ್ದು ಕೇಳಿತು. ತಿರುಗಿದೆವು. ದೊಣ್ಣಿಯ ಹೊಟ್ಟೆ ಖಾಲಿ ಚೀಲದಂತೆ ಜೋತಿತ್ತು. ಗುಂಡಿ ಮುಚ್ಚಿ, ಮರಳು ತಟ್ಟಿ ಮಟ್ಟಸ ಮಾಡಿತ್ತು. ಪೇಯ್-ಶಾನ್ ಡ್ರಾಪರಿನಿಂದ ನೀರು ಹನಿಸಿದಳು. ಕುಡಿಯಿತು. ಅವಳು ಆಗ ಗಟ್ಟಿಯಾಗಿ ಅತ್ತಳು, ಮೂಗು ಒರೆಸಿದ ಸುಣ್ಣದ ಕೈಯಿಂದ ಮುಖವೆಲ್ಲ ಬಿಳಿ. ಮರಳಿನಲ್ಲಿ ನಲವತ್ತೊಂದು ಮೊಟ್ಟೆ. ಒಂದೂ ಮರಿಯಾಗುವುದಿಲ್ಲ.

ನನಗೆ ಮೇಸ್ತ್ರಿ ಬೈದ. ಕೆಲಸ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಎನಿಸಿತು. ಮಂಗಳವಾರ ಬೆಳಗ್ಗೆ ಸೈರನ್ನಿಗೆ ಅರ್ಧ ಗಂಟೆ ಇರುವಾಗ ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ, ಸ್ಕ್ರೂಡ್ರೈವರ್ ಹಿಡಿದು ಅಂಗಡಿಯ ಮುಂದೆ ನಿಂತೆ. ರಟ್ಟು ಕೀಳಿಸಲು ಅತ್ತೆ ಬಂದಿದ್ದಳು. ಕ್ಯಾಮೆರಾದ ಮೇಲಿನ ಎಲೆ ಬಾಡಿ ಅಲ್ಲೇ ಅಂಟಿಕೊಂಡಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಅತ್ತೆ, ಈ ಪೂರ್ವದ ಗಾಜು ಬಿಚ್ಚಬೇಕು. ದೊಣ್ಣಿಗೆ ನಿಜವಾದ ಬಿಸಿಲು ಬೇಕಂತೆ."

"ನಿನಗೆ ಯಾವೂರ ಅತ್ತೆಯೋ ನಾನು? ಬಿಚ್ಚಿದ್ರೆ ಧೂಳು ಬರುತ್ತೆ. ತಂಪೆಲ್ಲ ಹೋಗುತ್ತೆ."

"ಬರಲಿ" ಎಂದಳು ಪೇಯ್-ಶಾನ್ ಒಳಗಿನಿಂದ. "ಹೋಗಲಿ."

ಅತ್ತೆ ಸೊಸೆಯನ್ನು ನೋಡಿದಳು. ನೋಡಿದವಳು, ಏನೋ ನೆನಪಾದವಳಂತೆ ಮುಖ ಆಚೆ ತಿರುಗಿಸಿದಳು. ಅಂಗೈ ಚಾಚಿದಳು. "ಸ್ಕ್ರೂ ಇಲ್ಲಿ ಹಾಕು. ಒಂದೂ ಕಳೀಬೇಡ. ಚಂಡಮಾರುತ ಬಂದಾಗ ಮತ್ತೆ ಬೇಕಾಗುತ್ತೆ."

ಹನ್ನೆರಡು ಸ್ಕ್ರೂ. ಆರು ವರ್ಷದಲ್ಲಿ ನಾನು ಎಷ್ಟು ಕೋಟಿ ಮಾಡಿದ್ದೇನೋ. ಬಿಚ್ಚಿದ್ದು ಇವೇ ಮೊದಲು. ತುಕ್ಕು ಹಿಡಿದಿದ್ದವು, ಒಂದೊಂದೂ ಹಟ ಮಾಡಿತು. ನಾನು ಹಟ ಮಾಡಲಿಲ್ಲ. ಹನ್ನೆರಡನೆಯದು ಅತ್ತೆಯ ಅಂಗೈಗೆ ಬಿದ್ದಾಗ ಗಾಜನ್ನು ಎರಡೂ ಕೈಯಿಂದ ತಬ್ಬಿ ಕೆಳಗಿಳಿಸಿದೆ. ಡೀಸೆಲ್ಲು, ಧೂಳು, ಬಿಸಿ ಗಾಳಿ ಒಳಗೆ ನುಗ್ಗಿತು. ಇನ್ನೂ ಮೂರು ಕಡೆ ಗಾಜು ಹಾಗೇ ಇತ್ತು.

ಪೇಯ್-ಶಾನ್ ಕೈಯನ್ನು ಹೊರಗೆ ಚಾಚಿದಳು. ಮಣಿಕಟ್ಟಿನ ಮೇಲೆ ದೊಣ್ಣಿ. ಸೊಟ್ಟಗಾದ ಮುಂಗಾಲು ಇನ್ನು ನೆಟ್ಟಗಾಗುವುದಿಲ್ಲ. ಬಿಸಿಲು ತಾಗಿದ ಪಕ್ಕ ಮೆಲ್ಲಗೆ ಕಪ್ಪಾಯಿತು, ನೆರಳಿನ ಪಕ್ಕ ಹಸಿರಾಗೇ ಉಳಿಯಿತು.

ನಾನು ಬೆಚ್ಚಿದೆ. "ಹೆದರಿತಾ?"

"ಇಲ್ಲ. ಬಿಸಿಲು ಕುಡೀತಿದೆ."

ಅವಳ ತುಟಿಯ ಎಡತುದಿ ಮೇಲೆದ್ದಿತು.

"ಈಗ ಯಾರನ್ನ ನೋಡಿ ನಗ್ತಿದೀಯ?"

"ಹೆಲ್ಮೆಟ್ ತೆಗಿ" ಎಂದಳು. "ಹೇಳ್ತೀನಿ."

ತೆಗೆದೆ.