ಮಾವನ ರುಜು

ಹನ್ನೆರಡು ವರ್ಷ ಆ ಮನೆಯ ಚಾಕರಿ ಮಾಡಿದವನು ತಾನು. ಮನೆ ಮಾತ್ರ ರಮ್ಯಶ್ರೀಗೆ! ಎಷ್ಟು ನುಂಗಿಕೊಂಡರೂ ಈ ಮಾತು ಉಮಾಶಂಕರನ ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ.

ಹುಣಸೂರಿನ ಆ ಮೂಲೆ ಮನೆ ಅವನ ಸೋದರಮಾವ ನಿಂಗಯ್ಯನದು. ಮಾವ, ಅತ್ತೆ ಇಬ್ಬರೂ ಕಟ್ಟೆಮಳಲವಾಡಿಯಲ್ಲಿ ಹೊಲ ನೋಡಿಕೊಂಡು ಇದ್ದವರು. ಪೇಟೆಯ ಮನೆಗೆ ಬಾಡಿಗೆದಾರರನ್ನು ಹುಡುಕುವುದು, ನಲ್ಲಿ ಸೋರಿದರೆ ಓಡುವುದು, ಸುಣ್ಣ ಹೊಡೆಸುವುದು, ಹೊಗೆಸೊಪ್ಪಿನ ಹರಾಜು ಮುಗಿದೊಡನೆ ಒಬ್ಬ ಗಂಟುಮೂಟೆ ಕಟ್ಟಿದರೆ ಇನ್ನೊಬ್ಬನನ್ನು ತಂದು ಕೂರಿಸುವುದು, ಎಲ್ಲ ಉಮಾಶಂಕರನದೇ. ಹಾಗೆ ಓಡಾಡುತ್ತಲೇ ಅವನಿಗೆ ಮನೆ ಸೈಟುಗಳ ವ್ಯವಹಾರ ಕೈಹತ್ತಿತು. ಯಾರೂ ಕೇಳದ ಕಾಲದಲ್ಲಿ ಕೊಂಡು, ಎಲ್ಲರೂ ಮುಗಿಬೀಳುವಾಗ ಮಾರುವುದನ್ನು ಕಲಿತ. ಈಗ ಆ ಬೀದಿಗೆ ಮೈಸೂರಿನವರೇ ಬಂದು ಬೆಲೆ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ, ಮಕ್ಕಳಿಲ್ಲದ ಮಾವ ಸತ್ತ ಮೇಲೆ ಮನೆಯ ಒಡತಿಯಾಗಿದ್ದ ಅತ್ತೆ ಮಾಯಮ್ಮ, ಅದನ್ನು ತನ್ನ ತಮ್ಮನ ಮಗಳು ರಮ್ಯಶ್ರೀಗೆ ಬರೆದುಕೊಡುವುದಾಗಿ ಹೇಳಿಬಿಟ್ಟಳು.

"ಗಂಡ ಬುಟ್ಟೋದ ಎಣ್ಣು ಕಣಪ್ಪ. ಅವ್ಳಿಗೊಂದು ಸೂರು ಬ್ಯಾಡ್ವಾ? ನಿಂಗೇನು, ದೇವ್ರು ಬೇಕಾದಂಗೆ ಕೊಟ್ಟವ್ನೆ."

ದೇವರು ಕೊಟ್ಟದ್ದೋ, ತಾನು ದುಡಿದದ್ದೋ! ಆದರೂ ನಕ್ಕು ತಲೆಯಾಡಿಸಿ ಬಂದ.

ಉಪಾಯ ಅವನ ಬೀರುವಿನಲ್ಲೇ ಇತ್ತು. ಬಾಡಿಗೆ ಕರಾರಿಗೆಂದು ಪ್ರತಿ ಸಲ ಹಳ್ಳಿಯಿಂದ ಬರಲು ಬೇಸರಪಟ್ಟು ಮಾವ ಖಾಲಿ ಹಾಳೆಗಳ ಬುಡದಲ್ಲಿ ರುಜು ಹಾಕಿ ಕೊಟ್ಟಿದ್ದ. "ಮೇಲೆ ಏನಾರ ಬರ್ಕೊ ಕಣ್ಲಾ, ನೀನೇನು ಬ್ಯಾರೆಯವ್ನಾ?" ಎಂದಿದ್ದ. ಸಾಕ್ಷಿಗಳೆಂದು ಚಿಕ್ಕಬಸಪ್ಪ, ಚನ್ನಬಸವಣ್ಣ ಕೂಡ ಕೆಳಗೆ ರುಜು ಹಾಕಿದ್ದರು. ಮೂವರೂ ಈಗಿಲ್ಲ. ಅಂಥ ಒಂದೇ ಒಂದು ಹಾಳೆ ಉಳಿದಿತ್ತು.

ಯಾವ ಪರೀಕ್ಷೆಗೆ ಹಾಕಿದರೂ ರುಜು ಅಸಲಿಯೇ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆ ಕಾಲದ ಕರಾರುಗಳನ್ನೆಲ್ಲ ಹೊಡೆದ ತನ್ನ ಹಳೇ ಟೈಪ್‌ರೈಟರನ್ನೇ ಇಳಿಸಿದ. ಮೂಲೆ ಮನೆ ನನ್ನ ಸೋದರಳಿಯನಿಗೆ ಸೇರತಕ್ಕದ್ದು ಎಂದು ಹೊಡೆದು, 2016ರ ತಾರೀಕು ಹಾಕಿದ. ಮಾವ ಸತ್ತದ್ದು 2018ರಲ್ಲಿ, 2016ರಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದ. ಹಳೆಯ ಕರಾರುಗಳ ಕಟ್ಟಿನಲ್ಲಿ ಇದೂ ಸಿಕ್ಕಿತು ಎನ್ನುವ ಮಾತನ್ನು ಕನ್ನಡಿಯ ಮುಂದೆ ಹೇಳಿ ನೋಡಿಕೊಂಡ. ಆಗೊಮ್ಮೆ ಅತ್ತೆಯ ಮುಖ ಕಣ್ಣ ಮುಂದೆ ಬಂತು. ತಾಯಿ ಸತ್ತಾಗ ಅವನಿಗೆ ತುತ್ತಿಟ್ಟು ಸಾಕಿದವಳು ಆ ಅತ್ತೆಯೇ. ಅವಳು ಇರುವ ತನಕ ಬಾಡಿಗೆ ಅವಳ ಕೈಗೇ ಕೊಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದ.

ಅತ್ತೆ ನಂಬುವ ವಕೀಲ ಕಂಠಪ್ಪನ ಕಚೇರಿಯಲ್ಲಿ ಎಲ್ಲ ಅಂದುಕೊಂಡಂತೆಯೇ ನಡೆಯಿತು. ರಮ್ಯಶ್ರೀ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಾಯಮ್ಮ ರುಜುವಿನ ಮೇಲೆ ಬೆರಳಾಡಿಸಿದಳು.

"ಇದು ಅವರ್ದೇ ಕಣಪ್ಪ. ಯಜಮಾನ್ರೇ ನಿಂಗೆ ಬರ್ದವ್ರೆ ಅಂದ್ಮೇಲೆ ತಕೋ ಬುಡು. ಇವ್ಳಿಗೆ ಬ್ಯಾರೆ ಏನಾರ ನೋಡುವ."

ಉಮಾಶಂಕರನಿಗೆ ಗೆದ್ದ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಆದರೂ ಕಾಗದಕ್ಕೆ ಕೈ ಚಾಚಿದ.

"ತಡೀರಿ, ಚಕ್ಕುಬಂದಿ ಒಂದು ನೋಡ್ಬುಡ್ತೀನಿ," ಎಂದು ಕಂಠಪ್ಪ ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ಸಾಲುಗಳನ್ನು ಓದಿದ. ಆ ಬೀದಿಯನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಉಮಾಶಂಕರ ಅವನ್ನು ಯೋಚಿಸದೆ ಹೊಡೆದಿದ್ದ. "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಚಿಕ್ಕಸಿದ್ದಮ್ಮನ ಮನೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಉಮಾಶಂಕರನ ಮನೆ." ಕಂಠಪ್ಪ ಅಲ್ಲಿಗೇ ಓದು ನಿಲ್ಲಿಸಿದ. ಮೇಲಿನ ತಾರೀಕನ್ನು ಇನ್ನೊಮ್ಮೆ ನೋಡಿದ. "ಪಕ್ಕದ ಆ ಮನೆ ನೀನು ಕೊಂಡಿದ್ದು ಯಾವಾಗಪ್ಪ?" ಉಮಾಶಂಕರ ಕಾಗದಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವನ ಬದಲು ಮಾಯಮ್ಮನೇ ಹೆಮ್ಮೆಯಿಂದ ಹೇಳಿದಳು: "ಕೊರೊನಾ ಟೈಮ್ನಾಗೆ ಕಣಪ್ಪ, ಬೆಲೆ ಬಿದ್ದೋಗಿತ್ತಲ್ಲ, ಆಗ. ಗಂಡ ಇಲ್ದೋಳು ನಾನು, ಬ್ಯಾಡ ಕಣ್ಲಾ ಅಂದ್ರೂ ಕೇಳ್ನಿಲ್ಲ, ಒಕ್ಲಾಗೋ ದಿನ ನೀನೇ ಆಲು ಉಕ್ಕಿಸ್ಬೇಕು ಅತ್ತೆ ಅಂದ."