ಡಚೆಸ್ ಕುರಿಯ ಕರಿ ಉಣ್ಣೆ

ಒಂದಾನೊಂದು ಕಾಲದಲ್ಲಿ, ಅಂದರೆ ನಾನಿನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದಾಗ, ವಿಕ್ಟೋರಿಯಾ ಸೀಮೆಯ ನಮ್ಮ ಹುಲ್ಲುಗಾವಲಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಬಿಳಿ ಕುರಿಗಳೂ ಒಂದೇ ಒಂದು ಕರಿ ಕುರಿಯೂ ಇದ್ದವು. ಕರಿಯವಳ ಹೆಸರು ಡಚೆಸ್. ತಾಯಿ ಸತ್ತ ಮರಿಗೆ ಅಜ್ಜಿಯೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

ಆ ವರ್ಷ ಕುರಿಗಳ ಉಣ್ಣೆ ಕತ್ತರಿಸಿ ಮುಗಿದ ಮರುದಿನ ಬೆಳಿಗ್ಗೆ ಕಾಣೆಯಾದದ್ದು ಡಚೆಸ್ ಅಲ್ಲ. ಅವಳ ಉಣ್ಣೆ!

ಕರಿ ಎಳೆ ಬಣ್ಣ ಹಿಡಿಯುವುದಿಲ್ಲ. ಬಿಳಿಯ ಜೊತೆ ಅದು ಸೇರಿದರೆ ಇಂಗ್ಲೆಂಡಿನ ಗಿರಣಿಯವರು ಇಡೀ ಮೂಟೆಯನ್ನೇ ಬೇಡವೆನ್ನುತ್ತಾರೆ. ಆಮೇಲೆ ಮೂಟೆಯ ಮೇಲೆ ನಮ್ಮ ಮುದ್ರೆ ಕಂಡರೇ ಮುಖ ತಿರುಗಿಸುತ್ತಾರೆ. ಅದಕ್ಕೇ ಕರಿ ಕುರಿಗೆ ಎಲ್ಲಕ್ಕಿಂತ ಕೊನೆಗೆ ಕತ್ತರಿ. ಅದರ ಉಣ್ಣೆಯನ್ನು ಅಪ್ಪ ಪ್ರತಿ ವರ್ಷ ಸುಟ್ಟುಬಿಡುತ್ತಿದ್ದ. ನಿನ್ನೆ ಸಂಜೆ ಕೊಟ್ಟಿಗೆಯ ಮೂಲೆಯಲ್ಲಿದ್ದದ್ದು ಈಗ ಇಲ್ಲ. ಮೂಟೆ ಒತ್ತುವ ಕ್ಲೆಮ್ ಬೆಳಗಾಗುತ್ತಲೇ ಉಳಿದ ಬಿಳಿ ಉಣ್ಣೆಯನ್ನೆಲ್ಲ ಮೂಟೆಗೆ ಒತ್ತಿ ಹೊಲಿದುಬಿಟ್ಟಿದ್ದ. ಜೀಲಾಂಗ್ ಬಂದರಿಗೆ ಹೊರಡುವ ಲಾರಿ ಬಾಗಿಲಲ್ಲೇ ನಿಂತಿತ್ತು.

"ಕ್ಲೆಮ್! ನಿನ್ನೆ ಬೈದೆನಲ್ಲ, ಅದಕ್ಕೇ ಕರಿ ಉಣ್ಣೆ ಮೂಟೆಗೆ ಸೇರಿಸಿ ಸೇಡು ತೀರಿಸ್ಕೊಂಡ್ಯಾ?" ಅಪ್ಪ ಗುಡುಗಿದ.

"ಬೈದದ್ದಕ್ಕೆಲ್ಲ ಸೇಡು ತೀರಿಸ್ಕೊಂಡಿದ್ರೆ ಈ ಕೊಟ್ಟಿಗೆ ಯಾವತ್ತೋ ಬಿದ್ಹೋಗ್ತಿತ್ತು ಯಜಮಾನ್ರೇ!"

"ಮೂಟೆ ಬಿಚ್ಚಿಸ್ತೀನಿ. ಒಂದು ಕರಿ ಎಳೆ ಸಿಕ್ಕಿದ್ರೂ ನಿನಗಿಲ್ಲಿ ಕೆಲಸ ಇಲ್ಲ."

"ಬಿಚ್ಚಿದ್ರೆ ಹಡಗು ತಪ್ಪುತ್ತೆ—"

"ಬಿಚ್ಚದಿದ್ರೆ ಮಾನ ಹೋಗುತ್ತೆ!"

"ಕೂಗಾಟ ಆಮೇಲೆ, ಹ್ಯೂ. ಮೊದಲು ಚಹಾ," ಅಂದಳು ವಿನಿಫ್ರೆಡ್ ಅತ್ತೆ, ಅಪ್ಪನನ್ನು ಹೆಸರು ಹಿಡಿದು ಕರೆದು. ಅಪ್ಪನ ಅಕ್ಕ ಅವಳು; ಸುತ್ತಲಿನವರು ಕಳೆದುಕೊಂಡ ಉಂಗುರ, ಕೋಳಿ, ಒಮ್ಮೆ ಒಬ್ಬ ಮದುಮಗನನ್ನೂ ಹುಡುಕಿಕೊಟ್ಟವಳು.

ಅಡುಗೆಯ ಆಲ್ಫ್ ತಗಡಿನ ಲೋಟಗಳನ್ನು ತಂದ. ಕ್ಲೆಮ್ ಒಂದು ಗುಟುಕು ಕುಡಿದು ಉಗಿದ.

"ಥೂ! ಇದು ಚಹಾನಾ, ಕುರಿ ಮಿಂದ ನೀರಾ?"

"ನಿನ್ನ ನಾಲಿಗೇನೇ ಕುರೀದು, ಹೋಗೋ!"

ಎಲ್ಲರೂ ನಕ್ಕರು. ಅಡುಗೆಯವನನ್ನು ಬೈಯುವುದು ನಮ್ಮ ಕಡೆ ಊಟದ ಮುಂಚಿನ ಪ್ರಾರ್ಥನೆಯಂತೆ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಲೋಟದೊಳಗೆ ಬಗ್ಗಿ ನೋಡುತ್ತಿದ್ದಳು.

"ಕ್ಲೆಮ್, ನೀನು ಬಂದಾಗ ಆ ಮೂಲೇಲಿ ಏನಿತ್ತು?"

"ನೋಡ್ಲಿಲ್ಲ ಅಮ್ಮಾವ್ರೇ."

"ಆಲ್ಫ್, ನೀನು?"

"ನಾನಾ? ಅಡುಗೆಮನೆ ಬಿಟ್ಟು ಕದಲಿಲ್ಲ. ಉಣ್ಣೆ ಮುಟ್ಟೇ ಇಲ್ಲ!"

"ಎಲ್ಲಿ, ಕೈ ತೋರಿಸು."

ಪಾತ್ರೆ ತಿಕ್ಕಿ ತಿಕ್ಕಿ ಬಿರುಕು ಬಿಟ್ಟಿರುತ್ತಿದ್ದ ಆ ಕೈ ಇವತ್ತು ಬೆಣ್ಣೆ!

"ಕ್ಲೆಮ್ ನಿಜಾನೇ ಹೇಳಿದ, ನಾವು ನಕ್ಕುಬಿಟ್ಟೆವು," ಅಂದಳು ಅತ್ತೆ. "ಚಹಾದ ಮೇಲೆ ತೇಲ್ತಿರೋದು ಉಣ್ಣೆಯ ಜಿಡ್ಡು. ಕೈ ಮೆತ್ತಗಾಗಿರೋದೂ ಅದರಿಂದಲೇ. ಚಹಾ ಹಂಡೇಲೇ ಉಣ್ಣೆ ತೊಳೆದಿದ್ದೀಯ. ಕಳ್ಳ ನೀನೇ ಆಲ್ಫ್!"

ಒಲೆಯ ಹಿಂದೆ, ಹಿಟ್ಟಿನ ಚೀಲದೊಳಗೆ, ಕರಿ ಉಣ್ಣೆ ತೊಟ್ಟಿಕ್ಕುತ್ತಿತ್ತು. ಒಂದೇ ತುಂಡಾಗಿ ಕತ್ತರಿಸಿದ್ದ ಅದನ್ನು ಅತ್ತೆ ಮೇಜಿನ ಮೇಲೆ ಹರಡಿದಳು. ಕತ್ತು, ಬೆನ್ನು, ತೊಡೆ, ಎಲ್ಲವೂ ಇದ್ದಲ್ಲೇ ಇತ್ತು. ಒಂದು ಗುಂಗುರೂ ಕಡಿಮೆಯಿರಲಿಲ್ಲ. ಮೂಟೆಗಳು ಶುದ್ಧ!

"ಯಾಕೋ ಆಲ್ಫ್?" ಅಪ್ಪ ಕೇಳಿದ.

"ಅವನನ್ನೇನು ಕೇಳ್ತೀಯ?" ಬಾಗಿಲಲ್ಲಿ ಅಜ್ಜಿ. "ಕದ್ದದ್ದು ಅವನು, ಕದಿಸಿದ್ದು ನಾನು. ನನ್ನ ಡಚೆಸ್ ಉಣ್ಣೆಯದೊಂದು ಶಾಲು ಬೇಕು ಅಂತ ಪ್ರತಿ ವರ್ಷ ಕೇಳಿದೆ. ಪ್ರತಿ ವರ್ಷ ಸುಟ್ಟೆ ನೀನು. ಹೆಣೆದುಕೊಡ್ತೀನಿ ಅಂತ ಇವನು ಮಾತು ಕೊಟ್ಟ."

ಆಲ್ಫ್ ನೆಲ ನೋಡಿದ. "ಹಡಗಿನ ಕೆಲಸದಲ್ಲಿದ್ದಾಗ ಕಲಿತ ಹೆಣಿಗೆ. ಗೊತ್ತಾದ್ರೆ ಇವರೆಲ್ಲ ನಗ್ತಾರೆ ಅಂತ..."

"ನಿನ್ನ ಚಹಾ ಕುಡಿದ ಮೇಲೆ ನಗೋಕೆ ಶಕ್ತಿ ಎಲ್ಲಿರುತ್ತೋ?" ಅಂದ ಕ್ಲೆಮ್.

ಅಪ್ಪ ಕ್ಲೆಮ್‌ನ ಕೈ ಕುಲುಕಿ, "ತಪ್ಪಾಯ್ತಪ್ಪ" ಅಂದ. ಲಾರಿ ಹೊರಟಿತು. ಕರಿ ಉಣ್ಣೆ ಬೇರೆ ದಿಕ್ಕಿಗೆ, ಕೊಟ್ಟಿಗೆಯಿಂದ ದೂರದ ಅತ್ತೆಯ ಮನೆಗೆ ಹೋಯಿತು. ಅಜ್ಜಿ ನೂತಳು, ಆಲ್ಫ್ ಹೆಣೆದ. ಹೊಸ ಹಂಡೆಯನ್ನು ಅಪ್ಪನೇ ತಂದ.

ಚಳಿ ಹಿಡಿಯುವ ಹೊತ್ತಿಗೆ ಆಲ್ಫ್ ಕೊನೆಯ ಎಳೆ ಕತ್ತರಿಸಿ, ಕರಿ ಶಾಲನ್ನು ಅಜ್ಜಿಯ ಹೆಗಲಿಗೆ ಹೊದಿಸಿದ.